ನೆಲ ಸ್ವಲ್ಪ ಮೆತ್ತಗಿದೆ

ನಮ್ಮ ಔಸ್ಟರ್‌ವಿಕ್ ಊರಿನವರಿಗೆ ದೇವರು ಬಾಯಿ ಕೊಟ್ಟಿರುವುದು ಹವಾಮಾನದ ಬಗ್ಗೆ ಮಾತಾಡುವುದಕ್ಕೆ ಮಾತ್ರ. ಮಳೆ ಬರುವ ಹಾಗಿದೆ ಅಲ್ಲವಾ, ಹೌದು, ಬರುವ ಹಾಗಿದೆ. ಅಲ್ಲಿಗೆ ಮುಗಿಯಿತು. ಮೈಮೇಲೆ ಮನೆ ಕುಸಿದು ಬಿದ್ದರೂ ಸ್ವಲ್ಪ ಧೂಳಾಯಿತು ಅನ್ನುವ ಜನ ನಾವು. ನನ್ನ ಗಂಡ ತೀರಿಕೊಂಡ ಬೆಳಿಗ್ಗೆ, "ಎದೆ ಒಂಚೂರು ಬಿಗಿಯಾಗಿದೆ ಡಾಟ್, ಪರವಾಗಿಲ್ಲ" ಅಂದುಕೊಂಡು ಹಿತ್ತಲಿಗೆ ಹೋದ. ಆಲೂಗಡ್ಡೆ ಸಾಲಿನ ನಡುವೆ ಬಿದ್ದಿದ್ದ. ಅವತ್ತಿನಿಂದ ಯಾರಾದರೂ ನನ್ನೆದುರು ಪರವಾಗಿಲ್ಲ ಅಂದರೆ ಮೈ ಉರಿದುಹೋಗುತ್ತದೆ.

ಈಗ ಹೇಳಹೊರಟಿರುವುದು ಅವನ ವಿಷಯವಲ್ಲ. ನನ್ನ ಗೆಳತಿ ಮೇವಿಸ್ ಮತ್ತು ಅವಳ ಗಂಡ ವಿಲ್ಫ್‌ನ ವಿಷಯ.

ವಿಲ್ಫ್ ಶಾಲಾ ಬಸ್ಸು ಓಡಿಸಿಕೊಂಡಿದ್ದವನು. ನಿವೃತ್ತಿಯಾದ ಮೇಲೆ ಊರು ನೋಡಲು ಬಂದವರನ್ನು ಪಾಳು ಮಠಕ್ಕೆ ಕರೆದೊಯ್ಯುವ ಕೆಲಸ ಹಚ್ಚಿಕೊಂಡ. ಮಠ ಇರುವುದು ಕೊಲ್ಲಿಯ ನಡುವಿನ ದಿಬ್ಬದ ಮೇಲೆ. ಈಗ ನಾಲ್ಕು ಕಮಾನು, ಅರ್ಧ ಗೋಡೆ, ಸನ್ಯಾಸಿಗಳ ಗೋರಿಯ ಕಲ್ಲುಗಳು, ಲೆಕ್ಕವಿಲ್ಲದಷ್ಟು ಕಾಗೆಗಳು, ಇಷ್ಟೇ ಉಳಿದಿವೆ. ಸಮುದ್ರ ಇಳಿದಾಗ ಅಲ್ಲಿಗೆ ಮರಳಿನ ಮೇಲೆ ನಡೆದೇ ಹೋಗಬಹುದು. ಏರಿದಾಗ ಆ ದಾರಿಯೆಲ್ಲ ಆಳದ ನೀರು. ಗುರುತಿಗೆ ಕಂಬ ನೆಟ್ಟಿದ್ದಾರೆ, ಆದರೆ ಕಂಬದಿಂದ ಸ್ವಲ್ಪ ಸರಿದರೆ ಮರಳು ಹೋಗಿ ಹೂಳು ಬರುತ್ತದೆ. ಅದರೊಳಗೆ ಕಾಲು ಹೋದರೆ ಎಳೆದಷ್ಟೂ ಒಳಕ್ಕೆ ಹೋಗುತ್ತದೆ. ಇದು ಊರಿನ ಕೂಸಿಗೂ ಗೊತ್ತು.

ಅವತ್ತು ಬಂದಿದ್ದವರು ಅಮೆರಿಕದ ಗಂಡಹೆಂಡತಿ, ಡ್ವೇನ್ ಮತ್ತು ಲೊರೇನ್. ಇಬ್ಬರಿಗೂ ಅರವತ್ತು ದಾಟಿದೆ. ಲೊರೇನ್‌ಳ ಮುತ್ತಜ್ಜನಿಗೆ ದೀಕ್ಷಾಸ್ನಾನ ಆಗಿದ್ದು ನಮ್ಮ ಚರ್ಚಿನ ಕಲ್ಲುತೊಟ್ಟಿಯಲ್ಲಂತೆ. ಆ ತೊಟ್ಟಿಯ ಅಂಚು ಸವರುತ್ತಾ ಅವಳು ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತಳು. ನಮ್ಮ ಪಾದ್ರಿ ಏನು ಮಾಡುವುದೆಂದು ತೋಚದೆ ಛಾವಣಿಯ ತೊಲೆಗಳ ವಯಸ್ಸು ವಿವರಿಸತೊಡಗಿದರು. ಆಮೇಲೆ ಅವಳು ಪಾದ್ರಿಯನ್ನೂ ತಬ್ಬಿಕೊಂಡಳು, ನನ್ನನ್ನೂ ತಬ್ಬಿಕೊಂಡಳು. ಪಾಪ, ಪಾದ್ರಿ ಲೈಟು ಕಂಬದಂತೆ ನಿಂತಿದ್ದರು.

ಊರಿನ ಹಾಲ್‌ನಲ್ಲಿ ಬಂದವರಿಗೆ ಟೀ ಕೊಡುವುದು ನಾನು ಮತ್ತು ಮೇವಿಸ್. ವಿಲ್ಫ್ ಆ ಇಬ್ಬರನ್ನು ಕರೆದುಕೊಂಡು ಹೊರಡುವ ಮುಂಚೆ ಬಾಗಿಲಲ್ಲಿ ತಲೆ ಹಾಕಿದ.

"ಟೀ ಹೊತ್ತಿಗೆ ಬಂದ್ಬಿಡ್ತೀವಿ."

"ಮಫ್ಲರ್ ಹಾಕ್ಕೊಂಡು ಹೋಗು," ಅಂದಳು ಮೇವಿಸ್.

"ಬಿಸಿಲಿದೆ ಕಣೇ."

"ಬಿಸಿಲಿಗೆ ನಿನ್ನ ಕೇಳಿ ಹೋಗೋ ಅಭ್ಯಾಸ ಇಲ್ಲ."

ಅವನು ನಕ್ಕು ಹೊರಟ. ಅವರ ಸಂಸಾರದ ಸರಸವೆಲ್ಲ ಇಷ್ಟೇ. ಮದುವೆಯಾಗಿ ನಲವತ್ತು ವರ್ಷದ ಮೇಲಾಗಿತ್ತು, ಒಬ್ಬರ ಕೈ ಒಬ್ಬರು ಹಿಡಿದದ್ದನ್ನು ನಾನು ಕಂಡಿಲ್ಲ. ಅಡುಗೆ ಬಹಳ ರುಚಿಯಾಗಿದ್ದರೆ ವಿಲ್ಫ್ "ತಿನ್ನೋ ಹಾಗಿದೆ" ಅನ್ನುತ್ತಿದ್ದ. ಮೇವಿಸ್‌ಗೆ ಅಷ್ಟಕ್ಕೇ ಕೆನ್ನೆ ಕೆಂಪಾಗುತ್ತಿತ್ತು.

ಮಧ್ಯಾಹ್ನ ಕಳೆಯುತ್ತಿದ್ದ ಹಾಗೆ ಮಂಜು ಇಳಿಯಿತು. ಅಕ್ಟೋಬರಿನಲ್ಲಿ ನಮ್ಮ ಕೊಲ್ಲಿಯ ಮಂಜು ಹಾಗೇ, ಹೇಳದೆ ಕೇಳದೆ ಬರುತ್ತದೆ. ನಾನು ಕಿಟಕಿಯಲ್ಲಿ ನೋಡುತ್ತಿದ್ದಂತೆಯೇ ಮೊದಲು ದಿಬ್ಬ ಹೋಯಿತು, ಆಮೇಲೆ ಕಂಬಗಳು, ಆಮೇಲೆ ದೋಣಿ ಇಳಿಸುವ ಇಳಿಜಾರು. ಕೊನೆಗೆ ಹಾಲ್‌ನ ಮುಂದಿನ ಬೇಲಿಯಷ್ಟೇ ಉಳಿಯಿತು.

ಮೇವಿಸ್‌ಳ ಫೋನ್ ಬಡಿದುಕೊಂಡಿತು. ಅವಳ ಕೈ ಹಿಟ್ಟಾಗಿತ್ತು, ಸ್ಪೀಕರ್ ಹಾಕು ಅಂದಳು. ಹಾಕಿದೆ.

"ಮೇವಿಸ್, ನಾವು ಬರೋದು ಸ್ವಲ್ಪ ತಡ ಆಗ್ಬಹುದು," ಅಂದ ವಿಲ್ಫ್. "ಮಂಜು ಒಂಚೂರು ಇಳಿದಿದೆ."

"ಎಲ್ಲಿದ್ದೀಯ? ಮಠದಲ್ಲೇ ಇದ್ದೀರಾ?"

"ಇಲ್ಲ, ವಾಪಸ್ ಬರೋ ದಾರಿಲಿ. ನೆಲ ಸ್ವಲ್ಪ ಮೆತ್ತಗಿದೆ ಅಷ್ಟೇ. ನಮಗೋಸ್ಕರ ಕಾಯ್ಬೇಡಿ."

"ದೋಣಿಯವರಿಗೆ ಹೇಳ್ಲಾ?"

"ಛೆ, ಬೇಡ. ಇವತ್ತು ಕಾಲಮ್ ಮಗಳ ಹುಟ್ಟುಹಬ್ಬ. ಅವನಿಗ್ಯಾಕೆ ಸುಮ್ನೆ ತೊಂದ್ರೆ."

ಕಾಲಮ್ ಅಂದರೆ ನಮ್ಮೂರಿನ ಗ್ಯಾರೇಜ್ ನಡೆಸುವವನು, ರಕ್ಷಣಾ ದೋಣಿಯ ಮುಖ್ಯಸ್ಥನೂ ಅವನೇ. ಚಿಕ್ಕಂದಿನಲ್ಲಿ ವಿಲ್ಫ್‌ನ ಬಸ್ಸಿನಲ್ಲೇ ಶಾಲೆಗೆ ಹೋದವನು. ಫೋನ್ ಇಟ್ಟ ಕೂಡಲೇ ನಾನು ಹೇಳಿದೆ, "ಕಾಲಮ್‌ಗೆ ಹೇಳೇ. ಉಬ್ಬರ ಶುರುವಾಗೋ ಹೊತ್ತು."

"ಅವನೇ ಬೇಡ ಅಂದ್ನಲ್ಲ."

"ಅವನು ಬೇಡ ಅಂದ್ರೆ ಏನರ್ಥ ಅಂತ ನಿಂಗೊತ್ತಿಲ್ವಾ?"

"ಡಾಟ್, ದೋಣಿ ಹೊರಟ್ಮೇಲೆ ಅವನು ಆರಾಮಾಗಿ ನಡ್ಕೊಂಡು ಬಂದ ಅಂತಿಟ್ಕೋ. ಊರೆಲ್ಲ ನಗುತ್ತೆ. ಅವನು ಒಂದು ವಾರ ನನ್ನ ಹತ್ರ ಮಾತಾಡಲ್ಲ."

"ನಗಲಿ ಬಿಡೇ."

ಅವಳು ಕೈ ತೊಳೆದುಕೊಂಡು ಹಣ್ಣಿನ ಕೇಕ್ ಕತ್ತರಿಸಲು ನಿಂತಳು. ತಿನ್ನಲು ಹಾಲ್‌ನಲ್ಲಿ ಯಾರೂ ಇರಲಿಲ್ಲ. ಹೋಳುಗಳು ತೆಳುವಾಗುತ್ತಾ ಹೋದವು. ನಾನು ಕಿಟಕಿಗೂ ಬಾಗಿಲಿಗೂ ಅಡ್ಡಾಡಿದೆ. ಮೇಜಿನ ಮೇಲಿದ್ದ ಅವಳ ಫೋನ್ ಎತ್ತಿಕೊಂಡು ನಾನೇ ಕಾಲಮ್‌ಗೆ ಹೇಳಿಬಿಡಬೇಕು ಅನ್ನಿಸಿತು. ಆದರೆ ನಮ್ಮೂರಲ್ಲಿ ಹಾಗೆ ಮಾಡುವವರಿಲ್ಲ.

ಮತ್ತೆ ಫೋನ್ ಬಂತು. ಸ್ಪೀಕರ್ ಹಾಗೇ ಇತ್ತು.

"ಮೇವಿಸ್."

"ಹೂಂ, ಹೇಳು."

"ಬೆಳಿಗ್ಗೆ ಟೀ ಚೆನ್ನಾಗಿತ್ತು."

ಚಾಕು ನಿಂತಿತು. "ಏನು?"

"ಟೀ. ದಿನಾ ಮಾಡ್ಕೊಂಡು ಮೇಲಕ್ಕೆ ತಂದು ಕೊಡ್ತೀಯಲ್ಲ. ಚೆನ್ನಾಗಿರುತ್ತೆ. ಯಾವತ್ತೂ ಹೇಳಿರ್ಲಿಲ್ಲ." ಆಚೆ ಉಸಿರಾಟ ಕೇಳುತ್ತಿತ್ತು, ಮೆಟ್ಟಿಲು ಹತ್ತಿ ಬಂದವನ ಹಾಗೆ. "ನೀನಂದ್ರೆ ನಂಗೆ ಪ್ರಾಣ ಕಣೇ, ಮೇವಿಸ್."

"ಏನೇನೋ ಹುಚ್ಚುಮಾತಾಡ್ಬೇಡ," ಅಂದಳು ಮೇವಿಸ್. ಬಾಯಿಗೆ ಅಭ್ಯಾಸವಾದದ್ದೇ ಬಂತು. "ಬೇಗ ಮನೆಗೆ ಬಾ."

ಅವನು ಸಣ್ಣಗೆ ನಕ್ಕ. ಲೈನ್ ಕಟ್ಟಾಯಿತು.

ಮೇವಿಸ್ ನನ್ನ ಕಡೆ ತಿರುಗಿದಳು.

"ಡಾಟ್, ಅವನು ಸಾಯ್ತಾ ಇದ್ದಾನೆ."

ಅವಳು ವಾಪಸ್ ಫೋನ್ ಮಾಡಿದಳು. ಹೋಗಲಿಲ್ಲ. ಮತ್ತೆ ಮಾಡಿದಳು, ಹೋಗಲಿಲ್ಲ. ತುರ್ತು ಸಹಾಯದ ನಂಬರ್ ಒತ್ತಿದಳು. ಆಚೆ ಬಂದವಳು ಎಲ್ಲೋ ದೂರದ ಊರಿನಲ್ಲಿ ಕೂತಿದ್ದ ಹುಡುಗಿ. ಕೇಳಿ, ಗಂಡ ಸಾಯುತ್ತಿದ್ದಾನೆಂದು ಗೊತ್ತಿದ್ದೂ ನನ್ನ ಗೆಳತಿ ಬಾಯಿ ತೆರೆದದ್ದು ಹೀಗೆ:

"ನಿಮ್ಮ ಕೆಲಸದ ಮಧ್ಯೆ ತೊಂದ್ರೆ ಕೊಡ್ತಿದ್ದೀನಿ, ಕ್ಷಮಿಸಿ."

"ಪರವಾಗಿಲ್ಲ ಮೇಡಂ, ಏನಾಗಿದೆ ಹೇಳಿ."

"ನಮ್ಮ ಯಜಮಾನರು ಔಸ್ಟರ್‌ವಿಕ್ ಕೊಲ್ಲಿಲಿದ್ದಾರೆ, ಮಠದ ದಾರಿಲಿ. ಜೊತೆಗೆ ಇಬ್ಬರು ಅತಿಥಿಗಳಿದ್ದಾರೆ. ಬರೋದು ಸ್ವಲ್ಪ ತಡ ಆಗಿದೆ."

"ಅಪಾಯದಲ್ಲಿದ್ದೀನಿ ಅಂದ್ರಾ?"

"ಇಲ್ಲ. ನೆಲ ಸ್ವಲ್ಪ ಮೆತ್ತಗಿದೆ ಅಂದ್ರು."

"ಸಹಾಯ ಬೇಕು ಅಂತ ಏನಾದ್ರೂ ಕೇಳಿದ್ರಾ?"

"ಬೇಡ ಅಂದ್ರು."

"ಕೊನೆಗೆ ಮಾತಾಡಿದಾಗ ಏನಂದ್ರು ಮೇಡಂ?"

ಮೇವಿಸ್ ಮೇಜಿನ ಅಂಚು ಹಿಡಿದುಕೊಂಡಳು. "ನಾನಂದ್ರೆ ಪ್ರಾಣ ಅಂದ್ರು."

"ಅದು ಒಳ್ಳೇ ಮಾತೇ ಅಲ್ವಾ ಮೇಡಂ?"

"ಅಲ್ಲ ಕಣಮ್ಮ, ಅಲ್ಲ." ಮೇವಿಸ್‌ಳ ದನಿ ಒಡೆಯಿತು. "ನಿಂಗೆ ಹೇಗೆ ಹೇಳ್ಲಿ. ಅವನು ಹಾಗನ್ನೋನಲ್ಲ. ಮದುವೆ ದಿನ ಅಂದಿಲ್ಲ. ನಮ್ಮ ಕೂಸು ಹೋದಾಗ ಮೂರು ದಿನ ನನ್ನ ಪಕ್ಕದಲ್ಲೇ ಕೂತಿದ್ದ, ಆಗಲೂ ಅಂದಿಲ್ಲ. ಇವತ್ತು ಅಂದಿದ್ದಾನೆ ಅಂದ್ರೆ ಅವನಿಗೆ ನೀರು ಎದೆ ಹತ್ರ ಬಂದಿದೆ. ದಮ್ಮಯ್ಯ ಅಂತೀನಿ, ಯಾರನ್ನಾದ್ರೂ ಕಳಿಸು."

ಆ ಹುಡುಗಿ ಯಾವ ತಾಯಿ ಹೆತ್ತವಳೋ, ಮುಂದಕ್ಕೆ ಒಂದೂ ಪ್ರಶ್ನೆ ಕೇಳಲಿಲ್ಲ. "ಈಗಲೇ ಕಳಿಸ್ತಿದ್ದೀನಿ, ಲೈನಲ್ಲೇ ಇರಿ," ಅಂದಳು. ನಾನು ಅಷ್ಟರಲ್ಲಿ ಬಾಗಿಲು ದಾಟಿ ಕಾಲಮ್‌ನ ಮನೆಯ ಕಡೆ ಓಡುತ್ತಿದ್ದೆ. ನನ್ನ ಮಂಡಿ ಓಡುವ ಮಂಡಿಯಲ್ಲ, ಆದರೂ ಓಡಿದೆ. ತುರ್ತು ಕರೆ ತಲುಪಿ ಅವನು ಆಗಲೇ ಗೇಟಿನಿಂದಾಚೆ ಬಂದಿದ್ದ, ತಲೆಯ ಮೇಲೆ ಹುಟ್ಟುಹಬ್ಬದ ಕಾಗದದ ಟೋಪಿ ಹಾಗೇ ಇತ್ತು.

ಇಳಿಜಾರಿನ ಹತ್ತಿರ ಊರು ಸೇರಿತು. ದೋಣಿ ಮಂಜಿನೊಳಗೆ ಹೋಗಿ ಮರೆಯಾಗಿತ್ತು, ಮೋಟಾರಿನ ಸದ್ದು ಮಾತ್ರ ಕೇಳುತ್ತಿತ್ತು. ಯಾರೋ ಮೇವಿಸ್‌ಗೆ ಕಂಬಳಿ ಹೊದಿಸಿದರು, ಯಾರೋ ಫ್ಲಾಸ್ಕಿನಿಂದ ಟೀ ಸುರಿದು ಕೊಟ್ಟರು. ಅವಳು ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ. ನೀರು ನಮ್ಮ ಕಣ್ಣೆದುರೇ ಇಳಿಜಾರಿನ ಕಲ್ಲುಗಳನ್ನು ಒಂದೊಂದಾಗಿ ಮುಚ್ಚುತ್ತಾ ಮೇಲೇರುತ್ತಿತ್ತು.

ಪಾದ್ರಿ ಅವಳ ಪಕ್ಕಕ್ಕೆ ಬಂದು ನಿಂತರು. ಗಂಟಲು ಸರಿಮಾಡಿಕೊಂಡರು.

"ಬೆಳಿಗ್ಗೆ ಎಷ್ಟು ಚೆನ್ನಾಗಿ ಬಿಸಿಲಿತ್ತು," ಅಂದರು.

"ಹೌದು," ಅಂದಳು ಮೇವಿಸ್. "ಬಟ್ಟೆ ಎಲ್ಲ ಒಣಗಿದ್ವು."

"ಈ ಸಲ ಚಳಿ ಬೇಗ ಬಂತು."

"ಬೇಗ ಬಂತು."

ನನಗೆ ಪಾದ್ರಿಯ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಒಳ್ಳೆಯ ಮನುಷ್ಯ, ತಿಳಿದದ್ದನ್ನೇ ಮಾಡಿದರು. ಅವಳ ಲೋಟದೊಳಗಿನ ಟೀ ನಡುಗುತ್ತಿದ್ದುದನ್ನು ಅಲ್ಲಿದ್ದ ಎಲ್ಲರೂ ನೋಡಿದರು, ಎಲ್ಲರೂ ನೋಡದ ಹಾಗೆ ನಿಂತರು. ನಾನು ಅವಳ ತೋಳು ಹಿಡಿದುಕೊಂಡೆ. ಒಳಗೆ ಮೂಳೆಯೇ ಇಲ್ಲದ ಹಾಗಿತ್ತು ಆ ತೋಳು.

ಮೋಟಾರಿನ ಸದ್ದು ಹತ್ತಿರವಾಯಿತು. ಮಂಜಿನಿಂದ ದೋಣಿ ಹೊರಬಂತು. ಮೊದಲು ಕಂಡದ್ದು ಡ್ವೇನ್, ಆಮೇಲೆ ಅವನ ತೊಡೆಯ ಮೇಲೆ ಒರಗಿದ್ದ ಲೊರೇನ್, ಆಮೇಲೆ ಕಾಲಮ್ ಮತ್ತು ಅವನ ಜೊತೆಗಾರ. ಮೇವಿಸ್ ಒಬ್ಬೊಬ್ಬರನ್ನೇ ನೋಡಿದಳು, ಇನ್ನೂ ಯಾರೋ ಇರಬೇಕು ಅನ್ನುವ ಹಾಗೆ.

"ವಿಲ್ಫ್ ಆರಾಮಿದ್ದಾರೆ ಮೇವಿಸ್," ಅಂದ ಕಾಲಮ್, ಲೊರೇನ್‌ಳನ್ನು ಇಳಿಸುತ್ತಾ. "ಈಗ ಹೋಗಿ ಕರ್ಕೊಂಡ್ಬರ್ತೀವಿ. ಇವರು ಚಳಿಗೆ ಮರಗಟ್ಟಿಹೋಗಿದ್ರು, ದೋಣಿಲಿ ಜಾಗ ಇರ್ಲಿಲ್ಲ. ಮೊದ್ಲು ಇವರನ್ನ ದಡ ಸೇರಿಸಿ ಅಂತ ಅವರೇ ಅಂದ್ರು."

"ಅವನನ್ನ ನೋಡಿದ್ಯಾ ನೀನು?"

"ನೋಡೋಕೆ ಎಲ್ಲಾಗುತ್ತೆ, ಕೈ ಚಾಚಿದ್ರೆ ಕೈ ಕಾಣಲ್ಲ. ಮಾತಾಡಿದ್ವಿ. ಆ ಕಡೆ ಸ್ವಲ್ಪ ದೂರದಲ್ಲಿದ್ರು."

"ಏನಂದ?"

"ಗಟ್ಟಿ ನೆಲದ ಮೇಲಿದ್ದೀನಿ, ಆರಾಮಿದ್ದೀನಿ, ಅವಸರ ಇಲ್ಲ ಅಂದ್ರು. ಕೇಕ್ ಕತ್ತರಿಸಿ ಆಯ್ತೇನೋ ಅಂತ ತಮಾಷೆ ಬೇರೆ ಮಾಡಿದ್ರು."

ಮೇವಿಸ್ ಲೋಟ ಬಿಟ್ಟಳು. ಎರಡೂ ಕೈಯಲ್ಲಿ ಕಾಲಮ್‌ನ ಅಂಗಿಯ ಮುಂಭಾಗ ಹಿಡಿದಳು. ಅವಳ ತಲೆ ಅವನ ಎದೆಮಟ್ಟಕ್ಕೂ ಬರುವುದಿಲ್ಲ.

"ಆರಾಮಿದ್ದೀನಿ ಅಂದ್ನಾ?"

"ಹೌದು."

"ನೀನು ಈ ಊರಲ್ಲೇ ಹುಟ್ಟಿದವನು ಕಾಲಮ್. ನೀನು ಹೇಗೋ ನಂಬಿದೆ ಆ ಮಾತನ್ನ?"

ಕಾಲಮ್‌ನ ಮುಖ ನೋಡುವ ಹಾಗಿರಲಿಲ್ಲ. ಯಾರೋ ಕಪಾಳಕ್ಕೆ ಹೊಡೆದು ಎಬ್ಬಿಸಿದ ಹಾಗೆ ಕಣ್ಣು ಬಿಟ್ಟ. ಬೇರೆ ಊರಿನವನಾಗಿದ್ದರೆ ಅವನು ಆ ಮಾತಿಗೆ ಸೊಪ್ಪು ಹಾಕುತ್ತಿರಲಿಲ್ಲ, ಕಣ್ಣಿಂದ ನೋಡದೆ ಬರುತ್ತಿರಲಿಲ್ಲ. ನಮ್ಮವನಾದದ್ದರಿಂದ, ಹಿರಿಯರು ಬೇಡ ಅಂದಮೇಲೆ ಮತ್ತೆ ಕೇಳುವುದು ಅವನಿಗೆ ಗೊತ್ತಿರಲಿಲ್ಲ.

"ಓಡು," ಅಂತ ಚೀರಿದಳು ಮೇವಿಸ್. "ಓಡೋ, ಅವನ ಕಾಲು ಹೂತಿದೆ."

ಅವಳ ಬಾಯಿಂದ ಅಂಥ ದನಿ ಬರಬಹುದೆಂದು ಊರಿಗೆ ಗೊತ್ತಿರಲಿಲ್ಲ. ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಕಾಲಮ್ ದೋಣಿಗೆ ಹಾರಿದ, ಮೋಟಾರು ಕೂಗಿಕೊಂಡಿತು, ದೋಣಿ ಮತ್ತೆ ಮಂಜಿನೊಳಗೆ ಹೋಯಿತು.

ಲೊರೇನ್‌ಗೆ ಕಂಬಳಿ ಸುತ್ತಿ ಕಲ್ಲಿನ ಮೇಲೆ ಕೂರಿಸಿದ್ದರು. ಹಲ್ಲು ಕಟಕಟ ಅನ್ನುತ್ತಿದ್ದವು. ಅವಳು ನನ್ನ ಕೈ ಹಿಡಿದು ಹೇಳತೊಡಗಿದಳು.

"ನಾವು ಮಠದಲ್ಲಿ ಫೋಟೋ ತೆಗೀತಾ ಇದ್ವಿ. ಅವರು ಬಂದು, ನಿಮಗೆ ಅನುಕೂಲ ಆದಾಗ ಹೊರಡೋ ಯೋಚನೆ ಮಾಡ್ಬಹುದೇನೋ ಅಂದ್ರು. ಹಾಗಂದ್ರೆ ಇನ್ನೂ ಹೊತ್ತಿದೆ ಅಂದ್ಕೊಂಡ್ವಿ. ಸ್ವಲ್ಪ ಹೊತ್ತಾದ್ಮೇಲೆ ಮತ್ತೆ ಬಂದು, ಮೋಡ ನೋಡೋಕೆ ಚೆನ್ನಾಗಿದೆ ಅಲ್ವಾ ಅಂದ್ರು. ನಾವು ಮೋಡದ ಫೋಟೋನೂ ತೆಗೆದ್ವಿ. ಓಡಿ ಅಂದಿದ್ರೆ ಓಡ್ತಾ ಇದ್ವಿ. ಯಾಕೆ ಓಡಿ ಅನ್ಲಿಲ್ಲ ಅವರು?"

ನಮ್ಮಲ್ಲಿ ಅತಿಥಿಗಳಿಗೆ ಓಡಿ ಅನ್ನುವುದಿಲ್ಲ.

"ದಾರಿಲಿ ಮಂಜು ಬಂತು. ನೀವಿಲ್ಲೇ ನಿಂತಿರಿ, ಇದು ಗಟ್ಟಿ ಇದೆ, ಮುಂದೆ ಹೇಗಿದೆ ನೋಡಿ ಬರ್ತೀನಿ ಅಂತ ಹೋದ್ರು. ಆಮೇಲೆ ಅಲ್ಲಿಂದಾನೇ ಕೂಗಿದ್ರು, ನನ್ನ ಹತ್ರ ಬರ್ಬೇಡಿ, ಅಲ್ಲೇ ಇರಿ ಅಂತ. ಫೋನಲ್ಲಿ ಯಾರ ಹತ್ರಾನೋ ಮೆಲ್ಲಗೆ ಮಾತಾಡ್ತಿದ್ರು. ನಕ್ಕಿದ್ದು ಕೇಳಿಸ್ತು. ಎಲ್ಲ ಸರಿ ಇದೆ ಅಂದ್ಕೊಂಡ್ವಿ."

ಮೇವಿಸ್ ಇದನ್ನೆಲ್ಲ ಕೇಳಿಸಿಕೊಂಡಳು. ಕಣ್ಣು ಮಂಜಿನ ಮೇಲೇ ಇತ್ತು.

ಒಳಗೆಲ್ಲೋ ಮೋಟಾರು ನಿಂತಿತು. ಕಿವಿಗೊಟ್ಟು ಕೇಳುವುದಕ್ಕೆ ಹಾಗೆ ನಿಲ್ಲಿಸುತ್ತಾರೆ. ನಾವೂ ಉಸಿರು ಬಿಗಿಹಿಡಿದೆವು. ಕಾಲಮ್ ಕೂಗಿದ್ದು ಕೇಳಿಸಿತು, "ವಿಲ್ಫ್". ಸುಮ್ಮನಾದ. ಮತ್ತೆ ಕೂಗಿದ. ಮೋಟಾರು ಶುರುವಾಗಿ ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಮತ್ತೆ ಕೂಗಿದ. ಪ್ರತಿ ಸಲ ಕೂಗಿ ಸುಮ್ಮನಾದಾಗಲೂ ನೀರು ಕಲ್ಲಿಗೆ ಬಡಿಯುವುದೊಂದೇ ಕೇಳುತ್ತಿತ್ತು. ಅವನ ದನಿಯಲ್ಲಿ ಅಳು ಸೇರಿಕೊಂಡದ್ದು ಇಷ್ಟು ದೂರಕ್ಕೂ ತಿಳಿಯುತ್ತಿತ್ತು.

ವಿಲ್ಫ್ ಸಿಕ್ಕಿದ್ದು ಮರುದಿನ ನೀರಿಳಿದ ಮೇಲೆ, ಮಂಜು ಹರಿದ ಮೇಲೆ. ಆ ಇಬ್ಬರನ್ನು ನಿಲ್ಲಿಸಿದ್ದ ಜಾಗದಿಂದ ಕೂಗಳತೆಯೊಳಗೇ ಇದ್ದ. ಸೊಂಟದವರೆಗೆ ಹೂತಿದ್ದ.

ಆದರೆ ಅವತ್ತಿನ ಸಂಜೆ ಇಳಿಜಾರಿನ ಮೇಲೆ ನಿಂತಿದ್ದ ನಮಗೆ ಅದು ಗೊತ್ತಿರಲಿಲ್ಲ. ಅಥವಾ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಮೇವಿಸ್ ನನ್ನ ಕೈಯಿಂದ ತೋಳು ಬಿಡಿಸಿಕೊಂಡು ಇಳಿಜಾರು ಇಳಿದಳು. ನೀರಿಗೆ ಕಾಲಿಟ್ಟಳು. ಮಂಡಿಯವರೆಗೆ ಹೋಗಿ ನಿಂತಳು, ಲಂಗ ತೇಲತೊಡಗಿತು. ಎರಡೂ ಕೈ ಬಾಯಿಗೆ ಕೊಟ್ಟುಕೊಂಡು ಮಂಜಿನ ಕಡೆಗೆ ಕೂಗಿದಳು.

"ವಿಲ್ಫ್, ನಂಗೂ ನೀನಂದ್ರೆ ಪ್ರಾಣ ಕಣೋ. ಕೇಳಿಸ್ತಾ? ಹುಚ್ಚುಮಾತು ಅಂದ್ಬಿಟ್ಟೆ. ನಂಗೂ ಪ್ರಾಣ ಕಣೋ."

ನಮ್ಮ ಊರು ತಲೆ ತಗ್ಗಿಸಿತು. ಪಾದ್ರಿ ತಮ್ಮ ಬೂಟು ನೋಡಿಕೊಂಡರು. ಅಂಚೆಯವನು ಟೋಪಿ ತೆಗೆದು ಅದರ ಒಳಗಡೆ ಇಣುಕಿದ. ಹೆಂಗಸರು ಫ್ಲಾಸ್ಕಿನ ಮುಚ್ಚಳ ತಿರುವುತ್ತಾ ನಿಂತರು. ನಮಗೆ ಮುಜುಗರವಾಗುತ್ತಿತ್ತು. ಅಲ್ಲೊಬ್ಬ ಮನುಷ್ಯನನ್ನು ಸಮುದ್ರ ಮುಚ್ಚುತ್ತಿದ್ದರೆ, ಇಲ್ಲಿ ಅವನ ಹೆಂಡತಿ ಅಷ್ಟು ಜನರೆದುರು ಪ್ರೀತಿಯ ಮಾತು ಕೂಗುತ್ತಿದ್ದಾಳೆಂದು ನಮಗೆ ಮುಜುಗರ. ನನ್ನ ಕಾಲು ಕೂಡ ಕಲ್ಲಿಗೆ ಅಂಟಿಕೊಂಡಿತ್ತು.

ಕಂಬಳಿ ಸುತ್ತಿಕೊಂಡೇ ಎದ್ದು ನೀರಿಗೆ ಇಳಿದವಳು ಲೊರೇನ್. ಎಡವುತ್ತಾ ಹೋಗಿ ಮೇವಿಸ್‌ಳನ್ನು ಹಿಂದಿನಿಂದ ಬಿಗಿಯಾಗಿ ತಬ್ಬಿಕೊಂಡಳು. ಮೇವಿಸ್ ಕೊಸರಿಕೊಳ್ಳಲಿಲ್ಲ. ಆ ತೋಳುಗಳ ನಡುವೆ ನಿಂತು, ಗಂಟಲು ಕಟ್ಟಿ ದನಿ ಹೊರಡದ ಮೇಲೂ, ಅದೇ ಮಾತನ್ನು ಕೂಗುತ್ತಲೇ ಇದ್ದಳು.